ಆ್ಯಪ್ ಮಳೆಗೆ ಕಾಫಿ ಹೂ ಬಿಡುತ್ತಾ?

ಸಿದ್ದಾಪುರ ಕಡೆಯ ಓದುಗರೊಬ್ರು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲ್ಸ, ರಜೆಗೆ ತೋಟಕ್ಕೆ ಬಂದಾಗ ಮೂರು ಪುಟ ಬರ್ದು ಕಳ್ಸಿದಾರೆ. ಮಿದುಳು ಮಾಡೋದು ಬರೀ ಲೆಕ್ಕ ಅಂತಾದ್ರೆ ಕಂಪ್ಯೂಟರಿಗೂ ಪ್ರಜ್ಞೆ ಬರ್ಬೇಕಲ್ವಾ, ಹಾಗೇ ಈ ಬೆಟ್ಟ ಮಣ್ಣು ಮಳೆ ಎಲ್ಲಾನೂ ಯಾವುದೋ ಲೆಕ್ಕದಿಂದ್ಲೇ ಹುಟ್ಟಿರ್ಬಾರ್ದಾ ಅನ್ನೋದು ಅವರ ಪ್ರಶ್ನೆ.

ಮಾರಾಯ್ರೆ, ನಿಮ್ಮ ತೋಟದಿಂದ್ಲೇ ಶುರು ಮಾಡ್ತೀನಿ. ಮಾರ್ಚಲ್ಲಿ ಎಲ್ರೂ ಕಾಫಿ ಮೊಗ್ಗು ಬಿರಿಸೋ ಹೂಮಳೆಗೆ ಕಾಯ್ತಾ ಮೊಬೈಲ್ ನೋಡ್ತಾ ಕೂತಿರ್ತೀವಿ, ಆ್ಯಪಲ್ಲಿ ಮೋಡ ತೋರ್ಸುತ್ತೆ, ಇಂಚು ಸೆಂಟು ಲೆಕ್ಕ ಎಲ್ಲಾ ಬರುತ್ತೆ, ಆದ್ರೆ ಆ ಮಳೆಗೆ ಒಂದು ಮೊಗ್ಗೂ ಬಿರಿಯಲ್ಲ. ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಇದನ್ನೇ ಹೇಳಿದ್ದು: ಕಂಪ್ಯೂಟರಲ್ಲಿ ಮಳೆ ಸುರಿಸಿದ್ರೆ ಯಾರೂ ನೆನೆಯಲ್ಲ, ಹಾಗಿರುವಾಗ ಮನಸ್ಸಿನ ನಕಲು ಮಾಡಿದ್ರೆ ಮನಸ್ಸು ಬಂತು ಅಂತ ಯಾಕೆ ಅನ್ಕೋಬೇಕು?

ಅಲ್ಲಿಗೇ ಮುಗೀತು ಅನ್ಬೇಡಿ. ಮಳೆ ಕೈಕೊಟ್ರೆ ನೀವೇನ್ ಮಾಡ್ತೀರಿ, ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಕ್ತೀರಿ, ಎಂಟೊಂಬತ್ತು ದಿನಕ್ಕೆ ರೊಬಸ್ಟಾ ಬೆಳ್ಳಗೆ ಹೂ ಬಿಟ್ಟು ಇಡೀ ತೋಟ ಘಮ್ ಅನ್ನುತ್ತೆ, ಗಿಡಕ್ಕೆ ನೀರು ಮೋಡದ್ದಾ ಪೈಪಿಂದಾ ಅಂತ ಏನೂ ಗೊತ್ತಾಗಲ್ಲ. ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಚಾಮರ್ಸ್ ವಾದ ಹೆಚ್ಚುಕಡ್ಮೆ ಈ ಕಡೆದು. ನಿಮ್ಮ ಮಿದುಳಿನ ನರಕೋಶಗಳನ್ನ ಒಂದೊಂದಾಗಿ ತೆಗ್ದು ಅದೇ ಕೆಲ್ಸ ಮಾಡೋ ಚಿಪ್ ಕೂರಿಸ್ತಾ ಹೋದ್ರೆ, ಎಷ್ಟನೇ ಚಿಪ್ಪಿಗೆ ನಿಮ್ಮ ಅರಿವು ಆರಿಹೋಗುತ್ತೆ? ಅಂಥ ಗೆರೆ ಎಳಿಯೋಕೆ ಆಗಲ್ಲ ಅಂತಾರೆ ಅವ್ರು. ಹಂಗಾಗಿ ನನಗೆ ಕಾಣೋ ಪ್ರಶ್ನೆ ಒಂದೇ, ಕಂಪ್ಯೂಟರ್ ಸ್ಪ್ರಿಂಕ್ಲರಾ, ಆ್ಯಪಾ? ನನ್ನ ಒಲವು ಆ್ಯಪ್ ಕಡೆಗೇ. ಒಂದು ಮಿಲಿಮೀಟರ್ ಉದ್ದದ ಒಂದು ಹುಳ ಇದೆ, 302 ನರಕೋಶ ಅಷ್ಟೇ, ಯಾವುದು ಯಾವುದಕ್ಕೆ ಸೇರಿದೆ ಅನ್ನೋ ನಕ್ಷೆ 1986ರಲ್ಲೇ ಬಂತು, ಇನ್ನೂ ಆ ಹುಳನೇ ಪೂರ್ತಿಯಾಗಿ ಕಂಪ್ಯೂಟರಲ್ಲಿ ಬದುಕಿಲ್ಲ, ನಮ್ಮದು ಸುಮಾರು 8,600 ಕೋಟಿ ನರಕೋಶ. ಬರೀ ಜೋಡಣೆಯ ನಕ್ಷೆ ಸಾಕಾಗಲ್ಲ ಅಂತ ಇದ್ರಿಂದ ಗೊತ್ತಾಗುತ್ತೆ, ಅದಕ್ಕಿಂತ ಹೆಚ್ಚು ಹೇಳಿದ್ರೆ ನನ್ನ ವಾದ ಜಾಸ್ತಿಯಾಯ್ತು.

ಜಗತ್ತೇ ಲೆಕ್ಕ ಅನ್ನೋದು ಹೊಸ ಹುಚ್ಚೇನಲ್ಲ. 1941ರಲ್ಲೇ ಬರ್ಲಿನಲ್ಲಿ ಕಂಪ್ಯೂಟರ್ ಕಟ್ಟಿದ್ದ ಕೊನ್ರಾಡ್ ಝೂಸ 1969ರಲ್ಲಿ ಹಾಗೆ ಬರ್ದಿದ್ರು. ಗಣಿತಜ್ಞ ಜಾನ್ ಕಾನ್ವೇ ಅವರ ಆಟ ಮರುವರ್ಷ ಬಂತು, ನೀವೇ ಆಡಿ ನೋಡಿ, ಚೌಕುಳಿ ಹಾಳೆ, ಒಂದು ಹಿಡಿ ಪಾರ್ಚ್‌ಮೆಂಟ್ ಕಾಫಿ ಬೀಜ ಸಾಕು. ಮೂರು ಸಾಲು, ಸಾಲಿಗೆ ಮೂರು ಮನೆ ಹಿಡೀರಿ: ಮೇಲಿನ ಸಾಲಲ್ಲಿ ನಡುವಿನ ಮನೇಲಿ ಒಂದು, ಅದರ ಕೆಳಗಿನ ಸಾಲಲ್ಲಿ ಬಲಗಡೆ ಒಂದು, ಅದರ ಕೆಳಗೆ ಮೂರೂ ಮನೇಲಿ ಒಂದೊಂದು. ಸುತ್ತಲ ಎಂಟು ಮನೇಲಿ ಎರಡೋ ಮೂರೋ ಬೀಜ ಇದ್ರೆ ಬೀಜ ಉಳಿಯುತ್ತೆ, ಇಲ್ಲಾಂದ್ರೆ ತೆಗೀರಿ, ಖಾಲಿ ಮನೆ ಸುತ್ತ ಸರಿಯಾಗಿ ಮೂರಿದ್ರೆ ಅಲ್ಲಿ ಹೊಸದಿಡಿ, ಎಲ್ಲಾ ಮನೆ ಒಟ್ಟಿಗೇ ಲೆಕ್ಕ ಹಾಕ್ಬೇಕು. ನಾಲ್ಕು ಸುತ್ತಿಗೆ ಅದೇ ಆಕಾರ ಮೂಲೆ ಕಡೆಗೆ ಒಂದು ಮನೆ ಜರುಗಿರುತ್ತೆ. ಯಾವ ಬೀಜನೂ ನಡೀಲಿಲ್ಲ, ಆದ್ರೂ ಏನೋ ನಡೀತು! (ನಾನು ಆಫೀಸ್ ಟೇಬಲ್ ಮೇಲೆ ಆಡಿ ಪ್ರೂಫ್ ತಡ ಮಾಡಿದೀನಿ.) ಇದನ್ನ ಕಂಡ್ರೆ ಝೂಸ ಹೇಳಿದ್ದು ತೀರಾ ತಳ್ಳಿಹಾಕೋ ಹಾಗಿಲ್ಲ ಅನ್ಸುತ್ತೆ.

ನನ್ನ ತಕರಾರು ಬೇರೆ ಕಡೆ. ಬೀಜ ಬೇಕು, ಹಾಳೆ ಬೇಕು, ಇಡೋ ಕೈ ಬೇಕು. ಒಂದು ಬಿಟ್ (ಕಂಪ್ಯೂಟರಲ್ಲಿ ಒಂದು 0 ಅಥವಾ 1) ಅಳಿಸಿದ್ರೂ ಇಷ್ಟಾದ್ರೂ ಶಾಖ ಹೊರಗೆ ಹೋಗ್ಲೇಬೇಕು ಅಂತ 1961ರಲ್ಲಿ ಭೌತವಿಜ್ಞಾನಿ ರಾಲ್ಫ್ ಲ್ಯಾಂಡವರ್ ತೋರ್ಸಿದ್ರು, ಲೆಕ್ಕಕ್ಕೂ ಖರ್ಚಿದೆ. ಆಟಿ ತಿಂಗಳ ಮಳೇಲಿ ಮೂರು ದಿನ ಕರೆಂಟ್ ಹೋದಾಗ ನಮಗಿದು ಯಾರೂ ಹೇಳ್ಕೊಡ್ಬೇಕಿಲ್ಲ. ಜಗತ್ತು ಲೆಕ್ಕದ ಮೇಲೆ ನಿಂತಿದೆ ಅನ್ನೋರು ಆ ಲೆಕ್ಕ ಯಾವುದರ ಮೇಲೆ ನಡೀತಿದೆ ಅಂತಾನೂ ಹೇಳ್ಬೇಕಲ್ಲ, ನಾನು ಓದಿದ್ರಲ್ಲಿ ಅದಕ್ಕೆ ಒಪ್ಪೋ ಉತ್ತರ ಸಿಕ್ಕಿಲ್ಲ.

ಕೊನೇಲಿ ಕೇಳಿದೀರಿ, ಚಾಟ್‌ಬಾಟ್ "ನನಗೆ ಬೇಜಾರಾಗಿದೆ" ಅಂದ್ರೆ ನಂಬ್ಬೇಕಾ ಅಂತ. ಅದು ಕಲ್ತಿರೋದೇ ಬೇಜಾರಾದ ಮನುಷ್ಯರು ಬರ್ದಿದ್ದನ್ನ ಓದಿ, ಹಂಗಾಗಿ ಆ ಮಾತೊಂದನ್ನೇ ಸಾಕ್ಷಿ ಅಂತ ನಾನು ತಗೊಳಲ್ಲ. ನಿಮ್ಮ ನಾಯಿ ಒಂದಕ್ಷರ ಬರ್ದಿಲ್ಲ, ನೀವು ಬೆಂಗಳೂರಿಗೆ ಹೊರಟ ದಿನ ಗೇಟ್ ಹತ್ರ ಮಲಗಿತ್ತು ಅಂತ ನೀವೇ ಬರ್ದಿದೀರಲ್ಲ, ಅದನ್ನ ನಂಬ್ತೀನಿ.