ಸಂಪಾದಕರ ಉತ್ತರ: ಬಿ2 ಪಾಸಾದ್ರೆ ಜರ್ಮನ್ ಬಂದಂಗಾ?

ದಾವಣಗೆರೆಯ ಓದುಗರೊಬ್ಬರು ಸ್ವಲ್ಪ ಸಿಟ್ಟಲ್ಲೇ ಪತ್ರ ಬರೆದಿದ್ದಾರೆ. ಮಗಳು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕು ಅಂತ ಬೆಂಗಳೂರಲ್ಲಿ ಪಿಜಿ ಹಿಡಿದು ಜರ್ಮನ್ ಭಾಷೆಯ ಬಿ2 ಮಟ್ಟದ ಕ್ಲಾಸಿಗೆ ಹೋಗ್ತಿದ್ದಾಳಂತೆ. "ನಿಮ್ಮ 'ಜರ್ಮನ್ ಕಲಿಯೋಣ' ಪುಟದಲ್ಲಿ ಬರೀ ಲೂಥರ್, ಯುದ್ಧ, ಬರ್ಲಿನ್ ಗೋಡೆ ಅಂತ ಪುರಾಣ ಓದ್ತಿದ್ದೀರಿ. ನನ್ನ ಮಗಳಿಗೆ ಬೇಕಿರೋದು ಗ್ರಾಮರ್, ಪರೀಕ್ಷೆಗೆ ಬರೋ ಪ್ರಶ್ನೆ. ಸಂಸ್ಕೃತಿ ಅಲ್ಲಿಗೆ ಹೋದಮೇಲೆ ತಾನಾಗೇ ಗೊತ್ತಾಗತ್ತೆ, ಜಾಗ ಹಾಳು ಮಾಡಬೇಡಿ" ಅನ್ನೋದು ಪತ್ರದ ಸಾರಾಂಶ.

ರಾಯರೇ, ನೀವು ಹೇಳಿದ್ದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಗೊಯ್ಥೆ ಸಂಸ್ಥೆ ನಡೆಸೋ ಬಿ2 ಪರೀಕ್ಷೆಲಿ ಓದು, ಕೇಳು, ಬರಿ, ಮಾತಾಡು ಅಂತ ನಾಲ್ಕು ಭಾಗ, ಒಂದೊಂದರಲ್ಲೂ ನೂರಕ್ಕೆ 60 ತಗೊಳ್ಳಲೇಬೇಕು, ಫೀಸು ಕಟ್ಟಿರೋರು ನೀವು, ಹೊಟ್ಟೆ ಉರಿಯೋದು ನಿಮಗೇ. ಗ್ರಾಮರ್ ಬೇಕು. ಒಪ್ಪಿದೆ.

ಆದ್ರೆ "ತಾನಾಗೇ ಗೊತ್ತಾಗತ್ತೆ" ಅಂದ್ರಲ್ಲ, ಅದನ್ನ ಮಾತ್ರ ನಾನು ಸುಮ್ಮನೆ ಬಿಡಲ್ಲ.

ನನಗೆ ಪರಿಚಯದ ಮಂಗಳೂರು ಕಡೆ ಹುಡುಗಿಯೊಬ್ಬಳು ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಊರಿನ ಹತ್ರ ವೃದ್ಧಾಶ್ರಮದಲ್ಲಿ ನರ್ಸ್. ಪರೀಕ್ಷೆಲಿ ಒಳ್ಳೆ ಮಾರ್ಕ್ಸೇ ತಗೊಂಡೋಳು. ಜರ್ಮನಿಯಲ್ಲಿ ಸೆಪ್ಟೆಂಬರ್ ತಿಂಗಳ ಎರಡನೇ ಗುರುವಾರ ಎಚ್ಚರಿಕೆ ದಿನ ಅಂತ ಮಾಡ್ತಾರೆ, ಬೆಳಿಗ್ಗೆ ಹನ್ನೊಂದಕ್ಕೆ ಊರಿನ ಸೈರನ್‌ಗಳು, ಎಲ್ಲರ ಮೊಬೈಲ್‌ಗಳು ಒಟ್ಟಿಗೆ ಕೂಗತ್ವೆ, ಎಲ್ಲ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ. ಅವತ್ತು ಈ ಹುಡುಗಿ ಒಬ್ಬ ಅಜ್ಜಿಗೆ ಕಾಲಿಗೆ ಬ್ಯಾಂಡೇಜ್ ಸುತ್ತುತಿದ್ಲಂತೆ. ಸೈರನ್ ಕೇಳಿದ್ದೇ ತಡ ಅಜ್ಜಿ ಇವಳ ಕೈ ತಳ್ಳಿ ಮಂಚದಿಂದ ಇಳಿಯೋಕೆ ಹೋದ್ಲು, ಬಾಯಲ್ಲಿ ನೆಲಮಾಳಿಗೆ ನೆಲಮಾಳಿಗೆ ಅಂತ ಒಂದೇ ಮಾತು. ಇವಳು ಕಲಿತಿದ್ದ ಜರ್ಮನ್‌ನಲ್ಲೇ ತಪ್ಪಿಲ್ಲದೆ ಹೇಳಿದ್ಲು, ಇದು ಬರೀ ಟೆಸ್ಟು, ಹೆದರಬೇಡಿ ಅಂತ. ಅಜ್ಜಿ ಇವಳ ಮುಖಾನೂ ನೋಡಲಿಲ್ಲ. ಕೊನೆಗೆ ಹಳೇ ನರ್ಸ್ ಒಬ್ಬಳು ಬಂದು, ಏನೂ ಹೇಳದೆ ಅಜ್ಜಿ ಪಕ್ಕ ಮಂಚದ ಮೇಲೆ ಕೂತು ಭುಜ ಹಿಡ್ಕೊಂಡು, ಸೈರನ್ ನಿಲ್ಲೋ ತನಕ ಹಾಗೇ ಇದ್ಲಂತೆ. ಆಮೇಲೆ ಕಾರಿಡಾರಲ್ಲಿ ಇವಳಿಗೆ ವಿಷಯ ಹೇಳಿದ್ದು: 1944ರ ಡಿಸೆಂಬರ್ 4ರ ರಾತ್ರಿ ಬಾಂಬ್ ಬಿದ್ದು ಹೈಲ್‌ಬ್ರಾನ್ ಹಳೇ ಊರು ಪೂರ್ತಿ ಸುಟ್ಟು ಹೋಯ್ತು, ಸುಮಾರು 6,500 ಜನ ಸತ್ತರು, ಎಷ್ಟೋ ಜನ ನೆಲಮಾಳಿಗೆಯಲ್ಲೇ ಉಸಿರುಗಟ್ಟಿ. ಈ ಅಜ್ಜಿ ಆಗ ಸಣ್ಣ ಮಗು.

ಇದು ಯಾವ ಮಾಡೆಲ್ ಪೇಪರಲ್ಲಿ ಬರತ್ತೆ ಹೇಳಿ ರಾಯರೇ? ನಿಮ್ಮ ಮಗಳು ನೋಡ್ಕೊಳ್ಳೋಕೆ ಹೋಗ್ತಿರೋದೇ ಇಂಥೋರನ್ನ. ಜರ್ಮನಿಗೆ ನರ್ಸ್‌ಗಳು ಸಾಲದೇ ಇರೋದಕ್ಕೆ ದೊಡ್ಡ ಕಾರಣವೇ ಅಲ್ಲಿ ವಯಸ್ಸಾದವರು ಜಾಸ್ತಿ ಆಗಿರೋದು, ಎಂಬತ್ತು ದಾಟಿದವರ ಬಾಲ್ಯ ಅಂದ್ರೆ ಯುದ್ಧ, ಅದರ ಹಿಂದೆಯೇ ಬಂದ ಹಸಿವು, ಪೂರ್ವದ ಕಡೆಯಿಂದ ಮನೆಮಠ ಬಿಟ್ಟು ಓಡಿ ಬಂದ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನರ ಗೋಳು. ಇದನ್ನ ನಮ್ಮ ಪುಟದಲ್ಲಿ ಬರೆದ್ರೆ ನಿಮಗೆ ಪುರಾಣ ಅನ್ಸತ್ತೆ.

ಇನ್ನು ಧರ್ಮಸುಧಾರಕ ಲೂಥರ್ ಯಾಕೆ ಬೇಕು ಅಂದ್ರಲ್ಲ. ನಿಮ್ಮ ಮಗಳು ಕ್ಲಾಸಲ್ಲಿ ಕಲಿಯೋ ಶಿಷ್ಟ ಜರ್ಮನ್ ಮೊದಲಿಗೆ ಯಾರ ಮನೆಮಾತೂ ಆಗಿರಲಿಲ್ಲ, ಅದು ಬರವಣಿಗೆಯಲ್ಲಿ ಬೆಳೆದ ಭಾಷೆ. ಸ್ಯಾಕ್ಸನಿ ಆಸ್ಥಾನದ ಕಚೇರಿ ಭಾಷೆ ಹಿಡ್ಕೊಂಡು, ಅದಕ್ಕೆ ಸಂತೆ ಬೀದಿ ಜನರ ಮಾತು ಸೇರಿಸಿ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆ, 1534ರಲ್ಲಿ ಪೂರ್ತಿ ಬೈಬಲ್ ಪ್ರಿಂಟ್ ಮಾಡಿಸಿದ್ದು ಅದು ಹರಡೋಕೆ ದೊಡ್ಡ ಕಾರಣ. ದೇಶ ಒಂದಾಗಿದ್ದು 1871ರಲ್ಲಿ, ಅಲ್ಲಿ ತನಕ ಚೂರುಚೂರು ಸಂಸ್ಥಾನಗಳು. ಹಾಗಾಗಿ ಊರೂರಿನ ಮಾತು ಹಾಗೇ ಉಳ್ಕೊಂಡ್ವು. ಹೈಲ್‌ಬ್ರಾನ್ ಕಡೆ ಹೋದ್ರೆ ಕ್ಲಾಸಲ್ಲಿ ಕಲಿತ 'ಇಸ್ಟ್' (ಇದೆ) ಅನ್ನೋದು 'ಇಶ್' ಆಗಿರತ್ತೆ, 'ನಿಷ್ಟ್' (ಅಲ್ಲ) ಅನ್ನೋದು 'ನೆಟ್'. ಬೆಂಗಳೂರಲ್ಲಿ ಸಿನಿಮಾ ನೋಡಿ ಕನ್ನಡ ಕಲಿತೋನನ್ನ ಕುಂದಾಪ್ರದ ಮೀನು ಮಾರ್ಕೆಟ್ಟಿಗೆ ಬಿಟ್ಟಂಗೆ ಆಗತ್ತೆ. ಹಲ್ಲುಸೆಟ್ ತೆಗೆದಿಟ್ಟ ತಾತ ಆ ಕಡೆಯ ಆಡುಮಾತು ಶ್ವೇಬಿಷ್ ಮಾತಾಡಿದ್ರೆ ಬಿ2 ಸರ್ಟಿಫಿಕೇಟ್ ಜೇಬಲ್ಲೇ ಇರತ್ತೆ ಅಷ್ಟೇ.

ಜರ್ಮನಿಯ ಭಾನುವಾರದ ಬಗ್ಗೆ ಬರೆದ ಲೇಖನಕ್ಕೂ ನೀವು ಮೂಗು ಮುರಿದಿದ್ದೀರಿ. ಅಂಗಡಿ ಮುಚ್ಚಿರತ್ತೆ, ಗೋಡೆಗೆ ಡ್ರಿಲ್ಲಿಂಗ್ ಮಾಡಂಗಿಲ್ಲ, ಗಾಜಿನ ಬಾಟಲಿ ತಗೊಂಡೋಗಿ ಬೀದಿ ಡಬ್ಬಿಗೆ ಹಾಕಿದ್ರೂ ಪಕ್ಕದ ಮನೆಯೋರು ಕಿಟಕಿ ತೆಗೀತಾರೆ. ಭಾನುವಾರದ ರಜೆಗೆ ರಕ್ಷಣೆ ಅಂತ 1919ರ ವೈಮಾರ್ ಸಂವಿಧಾನದಲ್ಲಿ ಬರೆದಿದ್ದನ್ನ ಈಗಿನ ಸಂವಿಧಾನಕ್ಕೂ ಹಾಗೇ ತಗೊಂಡಿದ್ದಾರೆ. ಇದು ಗೊತ್ತಿದ್ದೋರು ಶನಿವಾರವೇ ಅಕ್ಕಿ ಬೇಳೆ ತಂದಿಟ್ಕೊಳ್ತಾರೆ, ಗೊತ್ತಿಲ್ಲದೋರು ಭಾನುವಾರ ರೈಲ್ವೆ ಸ್ಟೇಷನ್ ಅಂಗಡಿಲಿ ಡಬಲ್ ರೇಟು ಕೊಟ್ಟು ಬ್ರೆಡ್ ತಿಂದು, ಜರ್ಮನ್ನರಿಗೆ ಮನುಷ್ಯತ್ವವೇ ಇಲ್ಲ ಅಂತ ಮನೆಗೆ ಫೋನ್ ಮಾಡ್ತಾರೆ.

ಸರಿ, ಗ್ರಾಮರ್ ಅಂದ್ರಲ್ಲ, ಅಲ್ಲೂ ನನ್ನದೊಂದು ತಕರಾರಿದೆ. 'ವೈಲ್' (ಯಾಕಂದ್ರೆ), 'ದಾಸ್' (ಅಂತ) ಎಂದು ಶುರುವಾಗೋ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗತ್ತೆ. ಇಂಗ್ಲಿಷ್‌ನೋರು ಇದಕ್ಕೆ ತಲೆ ಚಚ್ಕೊಳ್ತಾರೆ. ನಮಗೇನು ಸ್ವಾಮಿ ಕಷ್ಟ? ಹುಟ್ಟಿದಾಗಿಂದ ಕ್ರಿಯಾಪದ ಕೊನೆಗೇ ಇಟ್ಟು ಮಾತಾಡೋ ಜನ ನಾವು. ಆದ್ರೆ ಬೆಂಗಳೂರಿನ ಕೋಚಿಂಗ್ ಕ್ಲಾಸಲ್ಲಿ ದಾವಣಗೆರೆ ಹುಡುಗಿಗೆ ಜರ್ಮನ್ ಕಲಿಸೋದು ಇಂಗ್ಲಿಷ್ ಮೂಲಕ, ಅಂದ್ರೆ ಮೊದಲು ಅವಳದಲ್ಲದ ಕಷ್ಟವನ್ನ ಅವಳ ತಲೆಗೆ ಕಟ್ಟಿ, ಆಮೇಲೆ ಅದನ್ನ ಬಿಡಿಸೋಕೆ ಫೀಸು. ಮೇಲಿಂದ ಮಾತಿನ ಪರೀಕ್ಷೆಗೆ ಹತ್ತು ವಿಷಯ ಬಾಯಿಪಾಠ. "ನನ್ನ ರಜಾದಿನ", "ಪರಿಸರ ರಕ್ಷಣೆ". ಎದುರಿಗೆ ಕೂತೋರು ಒಂದು ಅಡ್ಡಪ್ರಶ್ನೆ ಕೇಳಿದ್ರೆ ಮುಗೀತು ಕತೆ.

ಈಗ ಉಲ್ಟಾ ದಿಕ್ಕಲ್ಲಿ ಬಂದೋರನ್ನ ನೋಡಿ. ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅದೇ ಹೈಲ್‌ಬ್ರಾನ್ ಪಕ್ಕದ ಬ್ರಾಕನ್‌ಹೈಮ್‌ನಲ್ಲಿ. ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ, ಇವತ್ತು ನಾನು ಈ ಕುರ್ಚಿಲಿ ಕೂತು ನಿಮಗೆ ಉತ್ತರ ಬರೀತಿರೋದಕ್ಕೆ ಆ ಮಹಾನುಭಾವನೂ ಒಂದು ಕಾರಣ. ಕಿಟ್ಟೆಲ್ ಉತ್ತರ ತುದಿಯ ಈಸ್ಟ್ ಫ್ರೀಸಿಯಾದೋನು, 1853ರಲ್ಲಿ ಇಲ್ಲಿಗೆ ಬಂದ, ನಿಘಂಟು ಅಚ್ಚಾಗಿ ಬಂದಿದ್ದು 1894ರಲ್ಲಿ, ಸುಮಾರು 70,000 ಪದ. ನಡುವೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎರಡನ್ನೂ ಸಂಪಾದಿಸಿದ. ಬಂದಿದ್ದು ಧರ್ಮಪ್ರಚಾರಕ್ಕೆ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಆದ್ರೂ ಕೆಲಸಕ್ಕೆ ಎಷ್ಟು ಕನ್ನಡ ಬೇಕೋ ಅಷ್ಟು ಸಾಕು ಅಂತ ಆ ಮನುಷ್ಯ ಅಂದುಕೊಂಡಿದ್ರೆ ನಮ್ಮ ಕೈಗೆ ಏನು ಸಿಗ್ತಿತ್ತು? ಅವನ ಪ್ರತಿಮೆ ಎಂ.ಜಿ. ರೋಡಲ್ಲಿದೆ, ನಿಮ್ಮ ಮಗಳು ಮುಂದೆ ಹಾದು ಹೋಗಿರ್ತಾಳೆ. ಇವತ್ತಿಗೂ ಮ್ಯೂನಿಕ್ ಯೂನಿವರ್ಸಿಟಿಯಲ್ಲಿ ಕನ್ನಡ ಕಲಿಸಿದ ರಾಬರ್ಟ್ ಝೈಡೆನ್‌ಬಾಸ್ ಥರದೋರು ನಮ್ಮ ವಚನ, ಜೈನ ಕಾವ್ಯ ಅಂತ ಕೂತು ಮಾತಾಡ್ತಾರೆ. ನಮ್ಮ ಕಡೆಯಿಂದ ಹೋಗೋರು?

ನಾವು ಭಾಷೆ ಅಂದ್ರೆ ಬಸ್ ಟಿಕೆಟ್ ಅಂದ್ಕೊಂಡುಬಿಟ್ಟಿದ್ದೀವಿ ರಾಯರೇ, ಜರ್ಮನ್ ಒಂದೇ ಅಲ್ಲ. ಪಿಯುಸಿಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ತಗೊಳ್ಳೋದು ಯಾಕೆ? ಅದು ಸ್ಕೋರಿಂಗ್ ಸಬ್ಜೆಕ್ಟ್. ಎರಡು ವರ್ಷ ಫ್ರೆಂಚ್ ಓದಿ ತೊಂಬತ್ತೈದು ತಗೊಂಡ ಹುಡುಗನಿಗೆ ಫ್ರೆಂಚಲ್ಲಿ ನೀರು ಕೇಳೋಕೆ ಬರಲ್ಲ, ಕನ್ನಡ ಪೇಪರ್ ಓದೋಕೂ ಬರಲ್ಲ, ಅಪ್ಪ ಅಮ್ಮ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಟ್ ಮಾಡಿಸ್ತಾರೆ. ಇಂಗ್ಲಿಷ್ ಕಲಿತಿದ್ದೂ ಇಂಟರ್‌ವ್ಯೂಗೆ. ಊರಿನ ಲೈಬ್ರರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಗೈಡ್‌ಗಳ ಕಪಾಟು ತುಂಬಿ ತುಳುಕ್ತಿರತ್ತೆ, ಕಿಟ್ಟೆಲ್ ನಿಘಂಟು ಕೇಳಿದ್ರೆ ಯಾವ ಕಿಟ್ಟೆಲ್ ಅಂತಾರೆ. ಈ ಮಾತು ಎತ್ತಿದ್ರೆ ನನ್ನ ಬಿಪಿ ಏರತ್ತೆ ಅಂತ ನಮ್ಮ ಆಫೀಸಲ್ಲಿ ಎಲ್ಲರಿಗೂ ಗೊತ್ತು, ಆದ್ರೂ ಇಂಥ ಪತ್ರಗಳನ್ನ ನನ್ನ ಟೇಬಲ್ಲಿಗೇ ತಂದಿಡ್ತಾರೆ.

ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನಾಲ್ಕು ಪುಟ ಕೈಯಲ್ಲಿ ಬರೆದು ಪೋಸ್ಟ್ ಮಾಡೋ ತಂದೆ ಈಗಿನ ಕಾಲದಲ್ಲಿ ಎಷ್ಟು ಜನ ಸಿಗ್ತಾರೆ? ಮುಂದಿನ ಸಂಚಿಕೆಯಿಂದ ಅರ್ಧ ಪುಟ ಗ್ರಾಮರಿಗೆ ಕೊಡ್ತೀವಿ, ಶುರು ಮಾಡೋದು ಆ ಉಪವಾಕ್ಯದಿಂದಲೇ, ಇಂಗ್ಲಿಷ್ ಸಹವಾಸ ಇಲ್ಲದೆ ನೇರ ಕನ್ನಡದಿಂದ. ಉಳಿದ ಅರ್ಧ ಪುಟ ಮಾತ್ರ ಹೀಗೇ ಇರತ್ತೆ, ಮುಂದಿನ ಸಲ ವಿಷಯ ಪೂರ್ವ ಜರ್ಮನಿ. ಮಗಳ ಪಿಜಿ ವಿಳಾಸ ಕಳಿಸಿ, ಹಳೇ ಸಂಚಿಕೆಗಳನ್ನ ನೇರ ಅವಳಿಗೇ ಪೋಸ್ಟ್ ಮಾಡಿಸ್ತೀನಿ. ದುಡ್ಡೇನೂ ಬೇಡ.

-ಸಂ.