ಫೋನ್ ತೆರೆಸುವ ಅಧಿಕಾರ ಯಾರಿಗೆ?

ಪ್ರಶ್ನೆ: ಗೋವಾದಿಂದ ಬೈಕಿನಲ್ಲಿ ಬರುತ್ತಿದ್ದ ತಮ್ಮನನ್ನು ಪೊಲೀಸರು ತಡೆದು, ಬ್ಯಾಗ್ ನೋಡಿದ ಮೇಲೆ ಫೋನ್ ಅನ್‌ಲಾಕ್ ಮಾಡಿಸಿ ವಾಟ್ಸಾಪ್ ಓದಿದರು. ಯಾವ ಕೇಸೂ ಇರಲಿಲ್ಲ. ಡೇಟಾ ಕಾಯ್ದೆಯಡಿ ದೂರು ಕೊಡಬಹುದೇ?
– ಓದುಗರು, ಸದಾಶಿವಗಡ

ಉತ್ತರ: ಆ ಕಾಯ್ದೆಯಿಂದ ಪ್ರಯೋಜನ ಕಡಿಮೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಅಪರಾಧ ತಡೆ ಮತ್ತು ತನಿಖೆಗೆ ದೊಡ್ಡ ವಿನಾಯಿತಿ ಕೊಟ್ಟಿದೆ. ನಿಮ್ಮನ್ನು ಕಾಯುವುದು ಶೋಧನೆಯ ನಿಯಮಗಳು.

ಗೋವಾ ಗಡಿಯ ಮಾಜಾಳಿ ದಾಟಿ ಬಂದ ಗಾಡಿಯಲ್ಲಿ ಮದ್ಯ ಹುಡುಕಬಹುದು. ಆ ನೆಪದಲ್ಲಿ ಚಾಟ್ ಓದುವಂತಿಲ್ಲ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದಿಷ್ಟು: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡದಿದ್ದರೆ ಕೋರ್ಟಿನಿಂದ ಶೋಧನಾ ವಾರಂಟ್ ತರಬೇಕು. ತುರ್ತಿದ್ದರೆ ವಾರಂಟ್ ಬೇಡ, ಆದರೆ ಕಾರಣ ಬರೆದಿಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 185ನೇ ಕಲಂ ಪ್ರಕಾರ ಆ ಬರಹ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಅರ್ಜಿ ಕೊಟ್ಟರೆ ಪ್ರತಿ ಉಚಿತ. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಎಡವುವುದು ಒಂದೇ ಕಡೆ: ಹೆದರಿ ತಾವೇ ಫೋನ್ ತೆರೆದುಕೊಡುತ್ತಾರೆ. ಆಮೇಲೆ 'ಒಪ್ಪಿಗೆಯಿಂದಲೇ ನೋಡಿದ್ದು' ಎಂಬ ಉತ್ತರ ಬರುತ್ತದೆ. 'ಯಾವ ಕೇಸು ಸರ್? ನೋಟಿಸ್ ಕೊಡಿ' ಎಂದು ಸಮಾಧಾನದಿಂದ ಕೇಳಿ. ಎಳೆದಾಡಬೇಡಿ, ಮೆಸೇಜ್ ಅಳಿಸಲಂತೂ ಹೋಗಬೇಡಿ. ಸಾಕ್ಷ್ಯನಾಶದ ಆರೋಪ ಮೈಮೇಲೆ ಬರುತ್ತದೆ.

ಜಪ್ತಿ ಮಾಡಿದರೆ ಮಹಜರಿನಲ್ಲಿ ಮಾಡೆಲ್, ಐಎಂಇಐ ಎಂಬ ಫೋನಿನ 15 ಅಂಕಿಯ ಗುರುತು ಸಂಖ್ಯೆ, ಸಿಮ್, ಮೆಮೊರಿ ಕಾರ್ಡ್, ಸಮಯ ಎಲ್ಲ ಇರಬೇಕು. ಓದಿಯೇ ಸಹಿ ಹಾಕಿ. ಜಪ್ತಿಯ ವಿಡಿಯೊ ಚಿತ್ರೀಕರಣ ಬಿಎನ್‌ಎಸ್‌ಎಸ್‌ನ 105ನೇ ಕಲಮಿನಡಿ ಕಡ್ಡಾಯ. ಐಎಂಇಐ ಫೋನಿನ ಬಾಕ್ಸ್ ಮೇಲಿರುತ್ತದೆ, ಇಂದೇ ಬರೆದಿಡಿ.

ಕಾರವಾರದವರಿಗೆ ಇನ್ನೊಂದು ಮಾತು. ಅರಗಾ ನೌಕಾನೆಲೆಯ ಚಿತ್ರ ತೆಗೆದ ಶಂಕೆ ಬಂದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಎದುರಾಗಬಹುದು. ಅದರಲ್ಲೂ ಶೋಧನೆಗೆ ಮ್ಯಾಜಿಸ್ಟ್ರೇಟರ ವಾರಂಟ್, ತೀರಾ ತುರ್ತಿದ್ದರೆ ಎಸ್‌ಪಿಯವರ ಲಿಖಿತ ಆದೇಶ ಬೇಕು.

ತಮ್ಮನ ವಿಷಯದಲ್ಲಿ ದಿನ, ಗಂಟೆ, ಸ್ಥಳ ಬರೆದು ಎಸ್‌ಪಿ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಠಾಣೆಯವರು ನಮ್ಮ ಕಾಲ್ ಕೇಳಿಸಿಕೊಳ್ಳಬಹುದೇ?
– ಓದುಗರು, ಶಿರಸಿ

ಉತ್ತರ: ತಾವಾಗಿಯೇ ಕೇಳುವಂತಿಲ್ಲ. ಅದಕ್ಕೆ ಗೃಹ ಕಾರ್ಯದರ್ಶಿಯ ಆದೇಶ ಬೇಕು; ಒಮ್ಮೆಗೆ 60 ದಿನ, ಒಟ್ಟು 180 ದಿನ ಮೀರುವಂತಿಲ್ಲ. ಆದರೆ ಯಾರಿಗೆ ಎಷ್ಟು ಹೊತ್ತಿಗೆ ಕರೆ ಹೋಯಿತು, ಯಾವ ಟವರಿನಿಂದ ಎಂಬ ವಿವರಕ್ಕೆ ಇಷ್ಟು ಬಿಗಿ ಇಲ್ಲ. ಎಸ್‌ಪಿ ದರ್ಜೆಯವರು ಕೇಳಿದರೆ ಕಂಪನಿ ಕೊಡುತ್ತದೆ. ಕನಿಷ್ಠ 2 ವರ್ಷದ ದಾಖಲೆ ಇಟ್ಟಿರುತ್ತದೆ. ಖಾಸಗಿತನದ ನಿಜವಾದ ಸೋರಿಕೆ ಇಲ್ಲಿದೆ. ವಿವರ ತೆಗೆದದ್ದನ್ನು ನಿಮಗೆ ತಿಳಿಸಬೇಕೆಂಬ ನಿಯಮವೂ ಇಲ್ಲ, ಹೆಚ್ಚಾಗಿ ಚಾರ್ಜ್‌ಶೀಟ್ ಕೈಗೆ ಬಂದಾಗಲೇ ಗೊತ್ತಾಗುವುದು.