ರಿಕವರಿ ಏಜೆಂಟರು ಅಪ್ಪನಿಗೂ ಫೋನ್ ಮಾಡುತ್ತಿದ್ದಾರೆ. ಸೆಟಲ್‌ಮೆಂಟ್ ಮಾಡಿಕೊಂಡರೆ ಸಿಬಿಲ್ ಸರಿಹೋಗುತ್ತದೆಯೇ?

ಕೆಲಸ ಹೋದಾಗ ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಲಾಗಲಿಲ್ಲ, ಎರಡು ವರ್ಷ ದಾಟಿದೆ, ಏಜೆಂಟರು ಊರಲ್ಲಿರುವ ಅಪ್ಪನಿಗೂ ಫೋನ್ ಮಾಡಿ ಬೈದಿದ್ದಾರೆ, ಈಗ ‘1,90,000 ಬಾಕಿಗೆ 60,000 ಕಟ್ಟಿ, ಎಲ್ಲ ಕ್ಲಿಯರ್ ಮಾಡುತ್ತೇವೆ’ ಅನ್ನುತ್ತಿದ್ದಾರೆ, ಒಪ್ಪಿಕೊಳ್ಳಲೇ ಅಥವಾ ಸಿಮ್ ಬದಲಾಯಿಸಿಬಿಡಲೇ ಎಂದು ಕೇಳಿದ್ದೀರಿ. ನಾನು ಒಂದು ಹಣಕಾಸು ಸಂಸ್ಥೆಯ ವಸೂಲಿ ವಿಭಾಗದಲ್ಲಿ ಬಹಳ ವರ್ಷ ಇದ್ದವನು. ಫೋನಿನ ಆ ತುದಿಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿರುವುದರಿಂದ ಹೇಳುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಏಜೆಂಟನ ಬಾಯಿ ಮುಚ್ಚಿಸುವುದು ಬೇರೆ, ಕ್ರೆಡಿಟ್ ರಿಪೋರ್ಟ್ ಸರಿಪಡಿಸುವುದು ಬೇರೆ. ನೀವು ಸಾಲ ಹೇಗೆ ತೀರಿಸಿದ್ದೀರಿ ಎಂಬ ದಾಖಲೆಯೇ ಈ ರಿಪೋರ್ಟ್, ನೀವು ಸಿಬಿಲ್ ಎನ್ನುವುದೂ ಇದನ್ನೇ. ರಿಪೋರ್ಟಿನಲ್ಲಿ ಏನು ಬರೆಯಬೇಕು ಎನ್ನುವುದು ಏಜೆಂಟನ ಕೈಯಲ್ಲಿ ಇಲ್ಲವೇ ಇಲ್ಲ. ಅದನ್ನು ಕಳಿಸುವುದು ಬ್ಯಾಂಕು. ನಿಮಗೆ ಫೋನ್ ಮಾಡುವ ಹುಡುಗ ಯಾವುದೋ ಏಜೆನ್ಸಿಯವನು, ವಸೂಲಾದ ಮೊತ್ತದ ಮೇಲೆ ಅವನ ಏಜೆನ್ಸಿಗೆ ಕಮಿಷನ್. ‘ಸಿಬಿಲ್ ಕ್ಲಿಯರ್ ಮಾಡಿಸ್ತೀನಿ ಸಾರ್’ ಎಂದು ಅವನು ಹೇಳುವ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಅದೇ ಮಾತು ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಬಂದರೆ ಬೆಲೆ ಇದೆ.

ಆದ್ದರಿಂದ ಇಂದಿನಿಂದ ಎಲ್ಲವನ್ನೂ ಫೋನಿನಿಂದ ಕಾಗದಕ್ಕೆ ಎಳೆಯಿರಿ. ಮುಂದಿನ ಸಲ ಕರೆ ಬಂದಾಗ ಜಗಳ ಬೇಡ, ಗೋಳು ತೋಡಿಕೊಳ್ಳುವುದೂ ಬೇಡ. ಹೆಸರು, ಏಜೆನ್ಸಿ, ಯಾವ ಬ್ಯಾಂಕಿನ ಪರವಾಗಿ, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಎಲ್ಲಿ ಎಂದು ಕೇಳಿ. ವಸೂಲಿಗೆ ಏಜೆನ್ಸಿ ನೇಮಿಸಿದಾಗ ಅದರ ವಿವರವನ್ನು ಬ್ಯಾಂಕ್ ನಿಮಗೆ ತಿಳಿಸಬೇಕು, ಏಜೆಂಟನ ಬಳಿ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿ ಇರಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ 2008ರಷ್ಟು ಹಳೆಯ ನಿಯಮ. ಇಷ್ಟು ಕೇಳಿದ ಕೂಡಲೇ ಅರ್ಧ ಜನರ ದನಿ ಇಳಿಯುತ್ತದೆ. ಒಂದು ಒಳಗುಟ್ಟು: ‘ಸೋಮವಾರ ಕಟ್ತೀನಿ’ ಎಂದು ಕಾಟ ತಪ್ಪಿಸಿಕೊಳ್ಳಲು ಹೇಳಬೇಡಿ. ಆ ಮಾತು ನಿಮ್ಮ ಖಾತೆಯ ಮುಂದೆ ‘ಪಿಟಿಪಿ’ ಎಂದು ದಾಖಲಾಗುತ್ತದೆ, ಅಂದರೆ ಕಟ್ಟುವ ವಾಗ್ದಾನ. ಸೋಮವಾರ ದುಡ್ಡು ಬರದಿದ್ದರೆ ಮಂಗಳವಾರದಿಂದ ಕರೆಗಳು ಇಮ್ಮಡಿಯಾಗುತ್ತವೆ.

ಅಪ್ಪನ ವಿಷಯ. ಅವರು ಜಾಮೀನು ಹಾಕಿಲ್ಲ, ಜಂಟಿ ಸಾಲಗಾರರೂ ಅಲ್ಲ ಎಂದಾದರೆ ಈ ಸಾಲಕ್ಕೂ ಅವರಿಗೂ ಸಂಬಂಧವಿಲ್ಲ. 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ: ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ, ಬೈಗುಳ, ಬೆದರಿಕೆ, ನಾಲ್ಕು ಜನರೆದುರು ಮರ್ಯಾದೆ ತೆಗೆಯುವುದು, ಮನೆಯವರ ಹಾಗೂ ಸ್ನೇಹಿತರ ಖಾಸಗಿತನಕ್ಕೆ ನುಗ್ಗುವುದು, ಮೊಬೈಲಿಗೆ ಅಸಭ್ಯ ಸಂದೇಶ ಕಳಿಸುವುದು ಯಾವುದೂ ಕೂಡದು. ಏಜೆಂಟ್ ಮಾಡಿದ್ದಕ್ಕೆ ಬ್ಯಾಂಕೇ ಹೊಣೆ. ‘ಅದು ಹೊರಗಿನ ಏಜೆನ್ಸಿ, ನಮಗೆ ಗೊತ್ತಿಲ್ಲ’ ಎಂದು ಬ್ಯಾಂಕ್ ಕೈ ತೊಳೆದುಕೊಳ್ಳುವಂತಿಲ್ಲ. ಮೈಕ್ರೋಫೈನಾನ್ಸ್ ಕಿರುಸಾಲಗಳಿಗೆ ಬೇರೆ ನಿಯಮವಿದೆ, ಅಲ್ಲಿ ಸಮಯ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6.

ಅಪ್ಪನಿಗೆ ಹೀಗೆ ಹೇಳಿಕೊಡಿ: ‘ಸಾಲ ನನ್ನದಲ್ಲ, ಮಗನ ಜೊತೆ ಮಾತಾಡಿ’ ಎಂದಷ್ಟೇ ಹೇಳಿ ಫೋನ್ ಇಡಲಿ. ಮಾನಕ್ಕೆ ಅಂಜಿ ಎರಡು ಸಾವಿರ, ಐದು ಸಾವಿರ ಕಳಿಸುವ ಅಪ್ಪಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದರಿಂದ ಸಾಲ ಕರಗುವುದಿಲ್ಲ, ‘ಈ ನಂಬರಿಗೆ ಮಾಡಿದರೆ ದುಡ್ಡು ಬರುತ್ತದೆ’ ಎಂದು ಏಜೆನ್ಸಿಗೆ ಗೊತ್ತಾಗುತ್ತದೆ, ಅಷ್ಟೆ.

ಕರೆಗಳನ್ನು ರೆಕಾರ್ಡ್ ಮಾಡಿ, ದಿನಾಂಕ ಮತ್ತು ಸಮಯದ ಸಮೇತ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಗೆ ಇಮೇಲ್ ಕಳಿಸಿ. ಅವರ ವಿಳಾಸ ಬ್ಯಾಂಕಿನ ಜಾಲತಾಣದಲ್ಲಿ ಇರುತ್ತದೆ. ಬರೆಯುವಾಗ ಸಾಲವನ್ನು ತಪ್ಪಿಸಿಕೊಳ್ಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇನೆ ಎನ್ನುವ ಧಾಟಿ ಇರಲಿ. ದೂರು ಬಾಕಿಯಿರುವಾಗ ಅದು ಇತ್ಯರ್ಥವಾಗುವ ತನಕ ಬ್ಯಾಂಕ್ ಆ ಪ್ರಕರಣವನ್ನು ಏಜೆನ್ಸಿಗೆ ಕಳಿಸಬಾರದು ಎಂಬ ನಿಯಮವೂ ಇದೆ, ಅದನ್ನೂ ಒಂದು ಸಾಲು ಸೇರಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಹಾರಿಕೆಯದಾದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ಹೋಗಿ. ಸಿಎಂಎಸ್ ಎಂಬ ಅದರ ದೂರಿನ ಪೋರ್ಟಲಿನಲ್ಲಿ ದೂರು ಕೊಡಲು ಒಂದು ಪೈಸೆ ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448 ಸಹಾಯವಾಣಿ ಇದೆ. ಕೈ ಮಾಡುತ್ತೇನೆ, ಮನೆಗೆ ನುಗ್ಗುತ್ತೇನೆ ಎಂಬ ಮಟ್ಟಕ್ಕೆ ಹೋದರೆ ಓಂಬುಡ್ಸ್‌ಮನ್‌ಗೆ ಕಾಯಬೇಡಿ, ಅದು ಪೊಲೀಸ್ ಠಾಣೆಯ ಕೆಲಸ.

‘ನಾಳೆ ಅರೆಸ್ಟ್’ ಎಂದು ಹೆದರಿಸಿದ್ದಾರೆ ಎಂದಿರಿ. ಕಾರ್ಡ್ ಬಾಕಿ ಕಟ್ಟಲಾಗದೇ ಹೋಗುವುದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಆದರೆ ನೀವು ಕೊಟ್ಟ ಚೆಕ್ಕು ಬೌನ್ಸ್ ಆಗಿದ್ದರೆ, ಅಥವಾ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ದುಡ್ಡಿಲ್ಲದೆ ವಾಪಸಾಗಿದ್ದರೆ ಕ್ರಿಮಿನಲ್ ಕೇಸಿಗೆ ದಾರಿಯಿದೆ. ಹಾಗಾಗಿ ಕೋರ್ಟಿನಿಂದ ಅಥವಾ ವಕೀಲರಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದ ಕಾಗದವನ್ನು ಓದದೆ ಎಸೆಯಬೇಡಿ. ವಾಟ್ಸಾಪಿನಲ್ಲಿ ಅಶೋಕ ಚಕ್ರ ಹಾಕಿ ಬರುವ ‘ಅರೆಸ್ಟ್ ವಾರಂಟ್’ ಪಿಡಿಎಫ್‌ಗಳನ್ನು ಮಾತ್ರ ದೂರಿನ ಜೊತೆ ಸಾಕ್ಷಿಯಾಗಿ ಲಗತ್ತಿಸಿ.

ಇನ್ನು 60,000ದ ಮಾತು. ಇಲ್ಲಿ ನಿಧಾನವಾಗಿ ಓದಿ, ಜನ ಹಣವನ್ನೂ ಕಳೆದುಕೊಂಡು ರಿಪೋರ್ಟನ್ನೂ ಕೆಡಿಸಿಕೊಳ್ಳುವ ಜಾಗ ಇದೇ.

ಪೂರ್ತಿ ಬಾಕಿ ಕಟ್ಟಿದರೆ ರಿಪೋರ್ಟಿನಲ್ಲಿ ಆ ಖಾತೆ ‘ಕ್ಲೋಸ್ಡ್’ ಆಗುತ್ತದೆ. ಕಡಿಮೆ ಕಟ್ಟಿ ರಾಜಿಯಾದರೆ ‘ಸೆಟಲ್ಡ್’ ಎಂದು ಬರುತ್ತದೆ. ಕೇಳಲು ಎರಡೂ ಚೆಂದವೇ. ಆದರೆ ನಾಳೆ ಗೃಹಸಾಲಕ್ಕೆ ಹೋದಾಗ ಆ ಅಧಿಕಾರಿ ‘ಸೆಟಲ್ಡ್’ ಅನ್ನು ‘ಈ ಮನುಷ್ಯ ಹಿಂದಿನವರಿಗೆ ಪೂರ್ತಿ ಕೊಟ್ಟಿಲ್ಲ’ ಎಂದೇ ಓದುತ್ತಾನೆ. ‘ರೈಟನ್ ಆಫ್’ ಎಂದಿದ್ದರೆ ಇನ್ನೂ ಕಷ್ಟ. ರೈಟ್ ಆಫ್ ಎಂದರೆ ಸಾಲ ಮನ್ನಾ ಎಂದು ಕೆಲವರು ಖುಷಿಪಡುತ್ತಾರೆ. ಅದು ವಸೂಲಾಗದ ಸಾಲವೆಂದು ಬ್ಯಾಂಕ್ ತನ್ನ ಲೆಕ್ಕಪುಸ್ತಕದಿಂದ ತೆಗೆಯುವ ವ್ಯವಹಾರ, ವಸೂಲಿ ಮುಂದುವರಿಯುತ್ತಲೇ ಇರುತ್ತದೆ.

ಹಾಗಾದರೆ ಸೆಟಲ್‌ಮೆಂಟ್ ಬೇಡವೇ? ದುಡ್ಡಿದ್ದರೆ ಬೇಡ ಎನ್ನುತ್ತೇನೆ. ಬ್ಯಾಂಕಿನಿಂದ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ, 1,90,000ದಲ್ಲಿ ನೀವು ನಿಜವಾಗಿ ಖರ್ಚು ಮಾಡಿದ್ದೆಷ್ಟು, ಬಡ್ಡಿ ಮತ್ತು ಲೇಟ್ ಫೀ ಎಷ್ಟು ಎಂದು ಬೇರೆ ಮಾಡಿ. ನಂತರ ಬಡ್ಡಿ ಮತ್ತು ಶುಲ್ಕದಲ್ಲಿ ರಿಯಾಯಿತಿ ಕೊಟ್ಟು ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡುತ್ತೀರಾ, ಕಂತುಗಳಲ್ಲಿ ಕಟ್ಟಲು ಬಿಡುತ್ತೀರಾ ಎಂದು ಲಿಖಿತವಾಗಿ ಕೇಳಿ. ಒಪ್ಪಲೇಬೇಕೆಂದಿಲ್ಲ, ಕೇಳಿ ನೋಡಲು ನಷ್ಟವಿಲ್ಲ. ದುಡ್ಡೇ ಇಲ್ಲ, ಮುಂದಿನ ಕೆಲವು ವರ್ಷ ಸಾಲದ ಅಗತ್ಯವೂ ಇಲ್ಲ ಎಂದಾದರೆ ಸೆಟಲ್‌ಮೆಂಟ್ ತಪ್ಪಲ್ಲ. ತೀರದ ಬಾಕಿಗಿಂತ ಅದು ಮೇಲು. ‘ಈ ತಿಂಗಳ ಕೊನೆಗೆ ಆಫರ್ ಮುಗಿಯುತ್ತೆ’ ಎಂಬ ಅವಸರಕ್ಕೆ ಮಾತ್ರ ಬೀಳಬೇಡಿ. ತಿಂಗಳ ಕೊನೆ ಅವರ ಟಾರ್ಗೆಟ್ಟಿನ ಕೊನೆ. ಆಫರು ಮತ್ತೆ ಬರುತ್ತದೆ, ಎಷ್ಟೋ ಸಲ ಇನ್ನೂ ಕಡಿಮೆಗೆ.

ಯಾವ ದಾರಿ ಹಿಡಿದರೂ ಬ್ಯಾಂಕಿನ ಅಧಿಕೃತ ಇಮೇಲ್‌ನಿಂದ ಪತ್ರ ಬರುವ ತನಕ ಒಂದು ರೂಪಾಯಿ ಕಟ್ಟಬೇಡಿ. ಕಾರ್ಡ್ ಸಂಖ್ಯೆ, ಮೊತ್ತ, ಕಡೆಯ ದಿನ, ಕಟ್ಟಿದ ಮೇಲೆ ಬಾಕಿ ಶೂನ್ಯ ಎಂಬ ಮಾತು, ರಿಪೋರ್ಟಿಗೆ ಏನೆಂದು ಕಳಿಸುತ್ತಾರೆ ಎಂಬುದು ಅದರಲ್ಲಿರಲಿ. ಪತ್ರ ಅಸಲಿಯೇ ಎಂದು ಬ್ಯಾಂಕಿನ ಕಸ್ಟಮರ್ ಕೇರ್‌ಗೆ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ನಕಲಿ ಪತ್ರಗಳೂ ಓಡಾಡುತ್ತವೆ. ಹಣ ನೇರ ಕಾರ್ಡ್ ಖಾತೆಗೇ ಹೋಗಲಿ. ಏಜೆಂಟನ ಯುಪಿಐಗೆ ಬೇಡ, ಕೈಗೆ ನಗದು ಬೇಡವೇ ಬೇಡ. ನಿಮ್ಮ ಸಾಲವನ್ನು ಬೇರೆ ಕಂಪನಿಗೆ ಮಾರಿದ್ದೇವೆ ಎಂದರೆ ಆ ವರ್ಗಾವಣೆಯ ಪತ್ರ ಕೇಳಿ, ಇಲ್ಲದಿದ್ದರೆ ಒಬ್ಬರಿಗೆ ಕಟ್ಟಿ ಇನ್ನೊಬ್ಬರಿಗೂ ಕಟ್ಟಬೇಕಾದೀತು. ಮುಗಿದ ಮೇಲೆ ಬಾಕಿಯಿಲ್ಲ ಎನ್ನುವ ನೋ ಡ್ಯೂಸ್ ಪತ್ರ ಪಡೆದು ಜೋಪಾನವಾಗಿಡಿ.

ಇದರ ನಡುವೆ ಕಾಲಮಿತಿಯ ಮಾತನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಮೂರು ವರ್ಷ ತಳ್ಳಿಬಿಡು, ಆಮೇಲೆ ಕೇಸ್ ಹಾಕೋಕಾಗಲ್ಲ.’ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ, ನಿಜ. ಆದರೆ ಅದರೊಳಗೆ ನೀವು ಸಾಲವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ ಅಥವಾ ಸ್ವಲ್ಪ ಕಟ್ಟಿದರೆ ಗಡಿಯಾರ ಮತ್ತೆ ಮೊದಲಿನಿಂದ ಶುರು. ಏಜೆಂಟರು ‘ಟೋಕನ್ ಆಗಿ ಬರೀ 500 ಹಾಕಿ’ ಎನ್ನುವುದರ ಹಿಂದೆ ಇದೂ ಇರಬಹುದು. ಅದಕ್ಕಿಂತ ಮುಖ್ಯ, ಕೇಸಿನ ಕಾಲಮಿತಿ ಮುಗಿದರೂ ರಿಪೋರ್ಟಿನಲ್ಲಿ ಬಾಕಿ ಕರಗುವುದಿಲ್ಲ. ಮನೆ ಸಾಲದ ಕನಸಿದ್ದವರಿಗೆ ಈ ಆಟ ಆಗಿಬರುವುದಿಲ್ಲ.

ರಿಪೋರ್ಟನ್ನು ನೀವು ಈಗಲೇ ತೆಗೆಸಿ ನೋಡಬೇಕು. ಸಿಬಿಲ್ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ, ಆದರೆ ದೇಶದಲ್ಲಿ ಈ ರಿಪೋರ್ಟ್ ತಯಾರಿಸುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ನೀವೇ ನೋಡಿಕೊಂಡರೆ ಸ್ಕೋರ್, ಅಂದರೆ ನಿಮಗೆ ಸಾಲ ಕೊಡಬಹುದೇ ಎಂದು ಅಳೆಯುವ ಅಂಕ, ಇಳಿಯುವುದಿಲ್ಲ. ನೋಡುವಾಗ ಸ್ಕೋರಿಗೆ ಕಣ್ಣು ಕೊಡಬೇಡಿ, ಒಳಗೆ ಹೋಗಿ: ನಿಮ್ಮದಲ್ಲದ ಸಾಲ ಇದೆಯೇ, ಒಂದೇ ಬಾಕಿಯನ್ನು ಬ್ಯಾಂಕೂ ಸಾಲ ಕೊಂಡ ಕಂಪನಿಯೂ ಎರಡು ಕಡೆ ತೋರಿಸಿವೆಯೇ, ತಡವಾದ ದಿನಗಳ ಲೆಕ್ಕ ನೀವು ಕಟ್ಟಿದ ತಿಂಗಳಲ್ಲೂ ಏರಿದೆಯೇ.

ತಪ್ಪಿದ್ದರೆ ಆಯಾ ಕಂಪನಿಯಲ್ಲೇ ಆನ್‌ಲೈನ್ ತಕರಾರು ಹಾಕಿ, ಬ್ಯಾಂಕಿಗೂ ಬರೆಯಿರಿ. ದೂರು ಕೊಟ್ಟು 30 ದಿನ ಕಳೆದರೂ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಿಗಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಬಳಸುವವರು ಕಡಿಮೆ. ಸತ್ಯವಾಗಿ ತಪ್ಪಿದ ಕಂತನ್ನು ಮಾತ್ರ ಯಾರೂ ಅಳಿಸಲಾರರು. ‘15 ದಿನದಲ್ಲಿ ಸಿಬಿಲ್ 750 ಮಾಡಿಕೊಡುತ್ತೇವೆ’ ಎನ್ನುವವರು ನಿಮ್ಮ ಪ್ಯಾನ್, ಆಧಾರ್, ಫೀಸು ಮೂರನ್ನೂ ತೆಗೆದುಕೊಂಡು ಹೋಗುತ್ತಾರೆ. ಕಾರ್ಡ್ ಬಾಕಿ ತೀರಿದ ಮೇಲೆ 30 ದಿನದೊಳಗೆ ಬ್ಯಾಂಕ್ ಹೊಸ ಸ್ಥಿತಿಯನ್ನು ಈ ಕಂಪನಿಗಳಿಗೆ ತಿಳಿಸಬೇಕು. ಎರಡು ತಿಂಗಳು ಬಿಟ್ಟು ಮತ್ತೆ ರಿಪೋರ್ಟ್ ನೋಡಿ. ಈಗ ಸೆಟಲ್ ಮಾಡಿಕೊಂಡು, ಮುಂದೆ ಕೈಯಲ್ಲಿ ದುಡ್ಡು ಬಂದಾಗ ಬಿಟ್ಟ ಮೊತ್ತ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಂಡವರೂ ಇದ್ದಾರೆ. ಅದನ್ನೂ ಬ್ಯಾಂಕಿಗೆ ಬರೆದೇ ಕೇಳಬೇಕು.

ಸಿಮ್ ಬದಲಾಯಿಸಬೇಡಿ. ನೀವು ಸಿಗದಿದ್ದರೆ ಅಪ್ಪನಿಗೆ, ಆಫೀಸಿಗೆ ಕರೆ ಹೆಚ್ಚಾಗುತ್ತದೆ, ಬ್ಯಾಂಕಿನ ಒಟಿಪಿ, ಸೆಟಲ್‌ಮೆಂಟ್ ಸಂದೇಶ, ನಿಮ್ಮ ರಿಪೋರ್ಟನ್ನು ಯಾರೋ ತೆಗೆದರೆಂಬ ಎಚ್ಚರಿಕೆ ಎಲ್ಲವೂ ಹಳೆಯ ನಂಬರಿಗೇ ಹೋಗುತ್ತಿರುತ್ತದೆ. ಮನೆ ಬದಲಾಯಿಸಿದ್ದರೆ ಹೊಸ ವಿಳಾಸವನ್ನೂ ಬ್ಯಾಂಕಿಗೆ ಕೊಟ್ಟಿಡಿ. ಹಳೆಯ ವಿಳಾಸಕ್ಕೆ ಹೋದ ಕೋರ್ಟ್ ನೋಟಿಸ್ ನಿಮಗೆ ಕಾಣದೇ ಹೋದರೆ, ನೀವಿಲ್ಲದೆಯೇ ಏಕಪಕ್ಷೀಯವಾಗಿ ಆದೇಶ ಆಗಿಬಿಡಬಹುದು.